ಮೊದಲು ಊಟದ ಜಾಗ, ಆಮೇಲೆ ದಾರಿ: ಮನೆಮಂದಿಯ ಒಂದು ದಿನದ ಕಾರು ಪ್ರವಾಸಕ್ಕೆ ತಯಾರಿ

ಘಾಟಿಯೋ, ಕಡಲ ದಂಡೆಯೋ, ಸರೋವರದ ಸುತ್ತಿನ ರಸ್ತೆಯೋ, ನೋಡಲು ಚೆಂದವಿರುವ ದಾರಿಯಲ್ಲಿ ಮಕ್ಕಳು ಹಿರಿಯರನ್ನು ಕೂರಿಸಿಕೊಂಡು ಹೊರಡುವವರು ಮ್ಯಾಪ್ ತೆರೆದೊಡನೆ ಗುರುತು ಹಾಕುವುದು ನೋಡುವ ಜಾಗಗಳಿಗೆ. ಊಟ ದಾರಿಯಲ್ಲಿ ಎಲ್ಲಾದರೂ ಆದೀತು ಎಂದು ಬಿಡುತ್ತಾರೆ. ಪ್ರವಾಸ ಕೆಡುವುದು ಅಲ್ಲೇ. ಬೆಟ್ಟ ಸಂಜೆಯವರೆಗೂ ಕಾಯುತ್ತದೆ, ಸಣ್ಣ ಊರಿನ ಅಡುಗೆಮನೆ ಕಾಯುವುದಿಲ್ಲ. ಮಧ್ಯಾಹ್ನಕ್ಕೆಂದು ಬೇಯಿಸಿದ್ದು ಮುಗಿದರೆ ಒಲೆ ಆರಿತು, ಮತ್ತೆ ಹಚ್ಚುವುದು ಸಂಜೆಗೇ. ಹಸಿದ ಮಕ್ಕಳೊಂದಿಗೆ ಎರಡೂವರೆಗೆ ಅಲ್ಲಿ ಇಳಿದವರಿಗೆ ಸಿಗುವುದು ಪೊಟ್ಟಣದ ಕುರುಕಲು ಮಾತ್ರ. ಆ ಊರಿನ ರುಚಿ ನೋಡಬೇಕೆಂದೇ ಹೊರಟಿದ್ದರೆ ಊಟದ ಜಾಗವನ್ನೂ ಹೊತ್ತನ್ನೂ ಮೊದಲು ಗಟ್ಟಿ ಮಾಡಿಕೊಳ್ಳಿ. ನೋಟ, ವಿಶ್ರಾಂತಿ, ಪೆಟ್ರೋಲು ಎಲ್ಲವನ್ನೂ ಅದರ ಸುತ್ತ ಜೋಡಿಸಿ.

ದಿನಕ್ಕೆ ಎಷ್ಟು ದೂರ

ಹೆದ್ದಾರಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಗಿ ತಿರುವುಗಳಿರುವ ಬೆಟ್ಟದ ರಸ್ತೆಯಲ್ಲಿ ಗಂಟೆಗೆ 25ರಿಂದ 35 ಕಿ.ಮೀ. ಸಾಗಿದರೆ ಸಾಕು. ಅದಕ್ಕಿಂತ ಜೋರಾಗಿ ಹೋದರೆ ಹಿಂದಿನ ಸೀಟಿನಲ್ಲಿ ಯಾರಾದರೂ ವಾಂತಿ ಮಾಡಿಕೊಳ್ಳುತ್ತಾರೆ. ಮ್ಯಾಪ್ ತೋರಿಸುವ ಸಮಯದಲ್ಲಿ ಮಗುವಿಗೆ ಚಪ್ಪಲಿ ಹಾಕಿಸುವ ಹೊತ್ತು ಸೇರಿಲ್ಲ, ಶೌಚಾಲಯದ ಸಾಲು ಸೇರಿಲ್ಲ, ಮುಂದೆ ತೆವಳುವ ಲಾರಿಯೂ ಸೇರಿಲ್ಲ. ಅದು 3 ಗಂಟೆ ಎಂದರೆ 4 ಎಂದುಕೊಳ್ಳಿ, ನಿಲ್ಲುವುದಕ್ಕೆ ಇನ್ನೂ 3 ಗಂಟೆ ಬೇರೆ ಇಡಿ.

ಚಾಲಕ ಒಬ್ಬರೇ ಆದರೆ ದಿನಕ್ಕೆ 4 ಗಂಟೆ ಓಡಿಸಿದರೆ ಹಿತ, 5 ಆದರೆ ದಣಿವು. 2 ಗಂಟೆಗೊಮ್ಮೆ ಕನಿಷ್ಠ 15 ನಿಮಿಷ ಎಲ್ಲರೂ ಇಳಿದು ನಡೆಯಬೇಕು. ಮಂಡಿನೋವಿನ ಹಿರಿಯರಿದ್ದರೆ ಗಂಟೆಗೊಮ್ಮೆ. ಕೂಸನ್ನು ಕಾರ್ ಸೀಟಿನಲ್ಲಿ 2 ಗಂಟೆಗಿಂತ ಹೆಚ್ಚು ಒಂದೇ ಸಮನೆ ಬಿಡಬೇಡಿ. ತೀರ ಹಸುಗೂಸಾದರೆ ಅರ್ಧ ಗಂಟೆಗೇ ನಿಲ್ಲಿಸಿ ಎತ್ತಿಕೊಳ್ಳಿ, ಏಕೆಂದರೆ ಕತ್ತು ಇನ್ನೂ ನಿಲ್ಲದ ಮಗುವಿನ ತಲೆ ಎದೆಯತ್ತ ವಾಲಿದರೆ ಉಸಿರಿನ ದಾರಿ ಕಿರಿದಾಗುತ್ತದೆ.

ಒಂದು ದೊಡ್ಡ ಊಟ, ಎರಡು ಸಣ್ಣ ತಿಂಡಿ, ಎರಡೋ ಮೂರೋ ನೋಟದ ಜಾಗ. ಒಂದು ದಿನಕ್ಕೆ ಇಷ್ಟೇ ಹಿಡಿಸುವುದು. ಐದು ಜನ ಇಳಿದು ಹತ್ತುವುದಕ್ಕೇ 10 ನಿಮಿಷ ಬೇಕು, ಹಾಗಾಗಿ ‘ಐದೇ ನಿಮಿಷ ನಿಲ್ಲಿಸೋಣ’ ಎಂಬುದು ಯಾವತ್ತೂ ಕಾಲು ಗಂಟೆಗೆ ಕಡಿಮೆ ಮುಗಿಯುವುದಿಲ್ಲ.

ಸೂರ್ಯ ಮುಳುಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಒಂದು ಗಡಿ ಹೊತ್ತನ್ನೂ ಗೊತ್ತುಮಾಡಿ. ಕೊನೆಯ ಘಾಟಿ ಇಳಿದು ಮುಗಿಯುವುದು ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲಿರಲಿ. ಆ ಹೊತ್ತಾದರೆ ಕೊನೆಯ ಜಾಗ ನೋಡದೆಯೂ ಹಿಂತಿರುಗಬೇಕು. ಇದನ್ನು ಬೆಳಗ್ಗೆಯೇ ಎಲ್ಲರಿಗೂ ಹೇಳಿಬಿಟ್ಟರೆ ಸಂಜೆ ವಾದವಿರುವುದಿಲ್ಲ.

ಊಟದ ಜಾಗ ಗೊತ್ತುಮಾಡುವುದು

ಮ್ಯಾಪ್‌ನಲ್ಲಿ ದಾರಿ ಎಳೆದು, ಮಧ್ಯಾಹ್ನ 12ರಿಂದ 1ರ ನಡುವೆ ನೀವು ಎಲ್ಲಿರುತ್ತೀರಿ ನೋಡಿ. ಅದರ ಆಚೀಚೆ 20 ಕಿ.ಮೀ. ಒಳಗೆ ಎರಡು ಹೆಸರು ಆರಿಸಿ, ಒಂದು ಮೊದಲ ಆಯ್ಕೆ, ಇನ್ನೊಂದು ಅದು ಮುಚ್ಚಿದ್ದರೆ. ಎರಡೂ ಬೆಟ್ಟದ ಒಂದೇ ಬದಿಯಲ್ಲಿರಲಿ. ಮ್ಯಾಪ್‌ನಲ್ಲಿ ಎರಡು ಕಿ.ಮೀ. ಅಂತರದಲ್ಲಿ ಕಾಣುವ ಜಾಗ ಕಣಿವೆಯ ಆಚೆ ಇದ್ದರೆ ಸುತ್ತಿ ಹೋಗಲು ಮುಕ್ಕಾಲು ಗಂಟೆ ಹಿಡಿಯಬಹುದು.

ನಕ್ಷತ್ರಗಳ ಸಂಖ್ಯೆ ಹೆಚ್ಚೇನೂ ಹೇಳುವುದಿಲ್ಲ. ಜನ ಹಾಕಿದ ಇತ್ತೀಚಿನ ಫೋಟೋ ನೋಡಿ. ಬೇರೆಬೇರೆಯವರು ಬೇರೆಬೇರೆ ತಿಂಗಳಲ್ಲಿ ತೆಗೆದ ಚಿತ್ರಗಳಲ್ಲಿ ಒಂದೇ ತಿನಿಸು ಮತ್ತೆ ಮತ್ತೆ ಕಂಡರೆ ಅಲ್ಲಿನವರ ಕೈ ಪಳಗಿರುವುದು ಅದರಲ್ಲಿ. ಎಂಬತ್ತು ಬಗೆಯ ಪಟ್ಟಿ ಇರುವ ಕಡೆ ಅಷ್ಟನ್ನೂ ಆ ದಿನವೇ ಮಾಡಿರಲು ಸಾಧ್ಯವಿಲ್ಲ. ಏಳೆಂಟು ಬಗೆ ಮಾತ್ರ ಮಾಡುವ ಕಡೆ ಪಾತ್ರೆ ದಿನವೂ ಖಾಲಿಯಾಗುತ್ತದೆ.

ಹಿಂದಿನ ದಿನ ಫೋನ್ ಮಾಡಿ ಇಷ್ಟು ಕೇಳಿ. ನಾಳೆ ತೆರೆದಿರುತ್ತದೆಯೇ, ವಾರದ ರಜೆ ಯಾವತ್ತು? ಎಷ್ಟು ಹೊತ್ತಿಗೆ ಬಡಿಸಲು ಶುರು, ಎಷ್ಟಕ್ಕೆ ಮುಗಿಯುತ್ತದೆ? ಊರಿನ ವಿಶೇಷ ಅಡುಗೆ ಮೊದಲೇ ಹೇಳಿದರಷ್ಟೇ ಮಾಡುತ್ತೀರಾ? ನಗದೇ ಬೇಕಾ? ಮೂರನೆಯ ಪ್ರಶ್ನೆಯನ್ನು ಬಹಳ ಜನ ಬಿಡುತ್ತಾರೆ. ಇಡೀ ರಾತ್ರಿ ನೆನೆಯಬೇಕಾದದ್ದು, ಸಣ್ಣ ಉರಿಯಲ್ಲಿ ಮೂರ್ನಾಲ್ಕು ಗಂಟೆ ಬೇಯಬೇಕಾದದ್ದು ನೀವು ಬಂದು ಕೂತ ಮೇಲೆ ಹುಟ್ಟುವುದಿಲ್ಲ, ಮತ್ತು ಒಂದೊಂದು ಸೀಮೆಯಲ್ಲಿ ಹೆಸರಾದ ಅಡುಗೆಗಳು ಹೆಚ್ಚಾಗಿ ಅಂಥವೇ. ಫೋನಿಲ್ಲದ ಜಾಗವಾದರೆ ಹನ್ನೆರಡೂಕಾಲಿಗೆ ಮುಟ್ಟಿಬಿಡಿ. ಆಗ ಎಲ್ಲವೂ ಇರುತ್ತದೆ, ಬಿಸಿಯಾಗಿರುತ್ತದೆ, ಕೂರಲು ಜಾಗವೂ ಸಿಗುತ್ತದೆ.

ದಾರಿಯಲ್ಲಿ ವಿಚಾರಿಸುವುದಾದರೆ ‘ಇಲ್ಲಿ ಒಳ್ಳೆ ಹೋಟೆಲ್ ಯಾವುದು’ ಎನ್ನಬೇಡಿ. ಹೊರಗಿನವರಿಗೆ ಹಿಡಿಸೀತು ಎಂದು ಅವರು ಎಣಿಸಿದ ದೊಡ್ಡ ಬೋರ್ಡಿನ ಜಾಗ ತೋರಿಸುತ್ತಾರೆ. ‘ನೀವು ಊಟಕ್ಕೆ ಎಲ್ಲಿಗೆ ಹೋಗ್ತೀರಿ’ ಎಂದು ಕೇಳಿ. ಪೆಟ್ರೋಲ್ ಬಂಕಿನವರು, ಪಂಕ್ಚರ್ ಅಂಗಡಿಯವರು, ಬಸ್ ಕಂಡಕ್ಟರ್ ಇದಕ್ಕೆ ಸರಿಯಾದವರು. ಸಂತೆಯ ದಿನ ತಿಂಡಿಗೆ ಒಳ್ಳೆಯದು, ಗಾಡಿ ನಿಲ್ಲಿಸಲು ಕೆಟ್ಟದ್ದು. ಊರ ಹೊರಗೇ ನಿಲ್ಲಿಸಿ ನಡೆದುಹೋಗಿ.

ತಿರುವು ಮೊದಲು, ಊಟ ಆಮೇಲೆ

ಹೊಟ್ಟೆ ತುಂಬ ಉಂಡು ಹೇರ್‌ಪಿನ್ ತಿರುವುಗಳಿಗೆ ಇಳಿಯುವುದೇ ಅರ್ಧ ವಾಂತಿಗೆ ಕಾರಣ. ಖಾಲಿ ಹೊಟ್ಟೆಯೂ ಅಷ್ಟೇ ಕೆಟ್ಟದ್ದು. ಬೆಳಗಿನ ಹೊತ್ತು ಅರೆಹೊಟ್ಟೆಯಲ್ಲಿ ಘಾಟಿ ಮುಗಿಸಿ, ದೊಡ್ಡ ಊಟವನ್ನು ತಿರುವುಗಳಾಚೆ ಇಟ್ಟು, ಊಟದ ನಂತರ ನೇರ ರಸ್ತೆ ಬರುವಂತೆ ದಾರಿ ಜೋಡಿಸಿ. ಊಟದ ಜಾಗ ಬೆಟ್ಟದ ಮೇಲೆಯೇ ಇದ್ದರೆ ಇಳಿಯುವ ಮೊದಲು ಒಂದು ಗಂಟೆ ಅಲ್ಲೇ ಕಳೆಯಿರಿ.

ಸರದಿಯಲ್ಲಿ ಓಡಿಸುವವರು ಇಬ್ಬರಿದ್ದರೆ, ಮಾದರಿಗೆ ಒಂದು ದಿನ ಹೀಗೆ ಕೂರುತ್ತದೆ. ಬೆಳಗ್ಗೆ 6ಕ್ಕೆ ಬಾಳೆಹಣ್ಣು, ಒಣ ಬಿಸ್ಕತ್ತು, ಅರ್ಧ ಲೋಟ ನೀರು, ಆರೂವರೆಗೆ ಹೊರಡುವುದು. 8ರ ಹೊತ್ತಿಗೆ ಘಾಟಿಯ ಬುಡದ ಊರಲ್ಲಿ ಸಣ್ಣ ತಿಂಡಿ, ಶೌಚ, ಇಂಧನ. 9ರಿಂದ ಹನ್ನೊಂದೂವರೆವರೆಗೆ ಘಾಟಿ, ನಡುವೆ ಎರಡು ಕಡೆ ನಿಲುಗಡೆ. ಹನ್ನೆರಡೂಕಾಲಿಗೆ ಊಟ. ಒಂದೂಕಾಲಿನಿಂದ 2ರವರೆಗೆ ಮಕ್ಕಳಿಗೆ ಓಡಾಟ, ಚಾಲಕರಿಗೆ ನಿದ್ದೆ. 2ರಿಂದ ಮೂರೂವರೆವರೆಗೆ ನೇರ ರಸ್ತೆ, ಅಲ್ಲಿ ಸಂಜೆಯ ತಿಂಡಿ, 4ಕ್ಕೆ ಮನೆಯತ್ತ.

ಚಾಲಕರ ನಿದ್ದೆಯನ್ನು ತಮಾಷೆಯೆಂದುಕೊಳ್ಳಬೇಡಿ. ಮಧ್ಯಾಹ್ನ 2ರಿಂದ 4ರ ತೂಕಡಿಕೆ ಬರಿ ಊಟದಿಂದ ಬರುವುದಲ್ಲ, ಮೈಯೊಳಗಿನ ಗಡಿಯಾರವೂ ಆ ಹೊತ್ತಿಗೆ ಇಳಿಮುಖವಾಗಿರುತ್ತದೆ. ಕಾಫಿಯ ಪರಿಣಾಮ ತಲೆಗೆ ತಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು, ಹಾಗಾಗಿ ಕಾಫಿ ಕುಡಿದೇ 15–20 ನಿಮಿಷ ಸೀಟು ವಾಲಿಸಿ ಕಣ್ಣು ಮುಚ್ಚಿ. ಅರ್ಧ ಗಂಟೆ ದಾಟಿದರೆ ಗಾಢನಿದ್ದೆಗೆ ಜಾರಿ, ಎದ್ದ ಮೇಲೆ ಮಂಕು ಹೆಚ್ಚುತ್ತದೆ. ಕಿಟಕಿ ತೆರೆಯುವುದು, ಹಾಡಿನ ಸದ್ದು ಏರಿಸುವುದು ತೂಕಡಿಕೆಗೆ ಮದ್ದಲ್ಲ.

ಯಾವ ಕಡೆಯಿಂದ ಸುತ್ತಬೇಕು

ವರ್ತುಲದ ದಾರಿಯಾದರೆ ಬಲಕ್ಕೆ ಹೊರಡುವುದೋ ಎಡಕ್ಕೋ ಎಂಬುದರಲ್ಲೇ ಬಹಳಷ್ಟಿದೆ. ರಸ್ತೆಯ ಎಡಬದಿಯಲ್ಲಿ ಓಡಿಸುವ ದೇಶಗಳಲ್ಲಿ ಕಡಲೋ ಕಣಿವೆಯೋ ಎಡಕ್ಕೆ ಬರುವಂತೆ ಸಾಗಿ. ಎದುರಿನ ಗಾಡಿಗಳನ್ನು ಅಡ್ಡ ಹಾಯದೆಯೇ ನೋಟದ ಜಾಗಕ್ಕೆ ತಿರುಗಬಹುದು, ಮತ್ತೆ ರಸ್ತೆಗೆ ಸೇರಬಹುದು. ಅಂದರೆ ದ್ವೀಪವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ, ಸರೋವರವನ್ನು ಅದರ ವಿರುದ್ಧ ದಿಕ್ಕಿಗೆ ಸುತ್ತಬೇಕು. ಬಲಬದಿಯಲ್ಲಿ ಓಡಿಸುವ ದೇಶಗಳಲ್ಲಿ ಇದೇ ತಿರುಗುಮುರುಗು. ಕಣಿವೆಯ ಅಂಚಿನಲ್ಲೇ ಓಡಿಸಲು ಚಾಲಕರಿಗೆ ಅಂಜಿಕೆಯಿದ್ದರೆ ನೋಟವನ್ನು ಬಿಟ್ಟುಕೊಟ್ಟು ಗುಡ್ಡದ ಬದಿಯನ್ನೇ ಹಿಡಿಯಲಿ, ತಪ್ಪಿಲ್ಲ.

ಇನ್ನೊಂದು ಲೆಕ್ಕ ಸೂರ್ಯನದು. ಬೆಳಗ್ಗೆ ಪಶ್ಚಿಮಕ್ಕೂ ಸಂಜೆ ಪೂರ್ವಕ್ಕೂ ಸಾಗಿದರೆ ಬಿಸಿಲು ಬೆನ್ನ ಹಿಂದೆ ಇರುತ್ತದೆ. ಕಣ್ಣು ಕುಕ್ಕುವುದಿಲ್ಲ, ಎದುರಿನ ಬೆಟ್ಟಗಳ ಬಣ್ಣವೂ ಎದ್ದು ಕಾಣುತ್ತದೆ. ಎತ್ತರದ ಜಾಗಗಳನ್ನು ಬೆಳಗ್ಗೆಯೇ ಮುಗಿಸುವುದು ಮೇಲು. ಬಿಸಿಲೇರಿದಂತೆ ನೆಲದಿಂದ ತೇವದ ಗಾಳಿ ಮೇಲೆದ್ದು ಮಧ್ಯಾಹ್ನದ ಮೇಲೆ ಶಿಖರಗಳಿಗೆ ಮೋಡ ಕಟ್ಟುತ್ತದೆ. ಆದರೆ ಕಣಿವೆಯಲ್ಲೇ ಮಂಜು ತುಂಬುವ ಋತುವಿನಲ್ಲಿ 9ಕ್ಕೆ ಮೊದಲು ಹೋದರೆ ಬಿಳಿ ಗೋಡೆ ಮಾತ್ರ.

ಕಾರಿನ ತಯಾರಿ

ಟೈರಿನ ಗಾಳಿಯನ್ನು ಬೆಳಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ ನೋಡಿ. ಚಾಲಕರ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಎರಡು ಅಂಕಿಗಳಿದ್ದರೆ, ಮನೆಮಂದಿ ಸಾಮಾನು ತುಂಬಿದ ಕಾರಿಗೆ ಹೆಚ್ಚಿನದ್ದು. ಓಡಿ ಬಂದ ಟೈರು 3ರಿಂದ 5 ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ, ಅದನ್ನು ಕಂಡು ಗಾಳಿ ಬಿಡಬೇಡಿ. ಸ್ಟೆಪ್ನಿಯ ಗಾಳಿಯನ್ನೂ ನೋಡಿ. ಡಿಕ್ಕಿ ತುಂಬಿದ ಮೇಲೆ ಜಾಕ್, ವೀಲ್ ಸ್ಪ್ಯಾನರ್ ಕೈಗೆ ಸಿಗುತ್ತವೆಯೇ ಎಂಬುದನ್ನೂ. ಟೈರಿನ ಮೇಲಿನ ಗೀರುಗಳ ಆಳ 1.6 ಮಿ.ಮೀ. ಇದ್ದರೆ ಅನೇಕ ದೇಶಗಳ ಕಾನೂನಿಗೆ ಸಾಕು, ಮಳೆಯ ರಸ್ತೆಗೆ 3 ಮಿ.ಮೀ. ಇಲ್ಲದಿದ್ದರೆ ಹೊರಡಬೇಡಿ.

ಘಾಟಿಗೆ ಹೋಗುವವರು ಮರೆಯುವುದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದ್ದರೆ ಗುಳ್ಳೆಗಳಾಗಿ, ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಬದಲಿಸಿ ಎರಡು ವರ್ಷ ಕಳೆದಿದ್ದರೆ ಹೊರಡುವ ಮೊದಲೇ ಬದಲಿಸಿಕೊಳ್ಳಿ. ಕೂಲೆಂಟ್ ಎರಡು ಗೆರೆಗಳ ನಡುವೆ ಇರಲಿ, ಎಂಜಿನ್ ಬಿಸಿಯಿದ್ದಾಗ ಅದರ ಮುಚ್ಚಳಕ್ಕೆ ಕೈಹಚ್ಚಬೇಡಿ.

ಇಂಧನ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಬ್ಯಾಟರಿ ಕಾರಿನವರಿಗೆ ಬೇರೆ ಲೆಕ್ಕ: ಜನ, ಸಾಮಾನು ಸೇರಿ 1,800 ಕಿಲೋ ತೂಗುವ ಕಾರಿಗೆ 1,000 ಮೀಟರ್ ಎತ್ತರ ಏರಲೆಂದೇ ಸುಮಾರು 5 ಯೂನಿಟ್ ಹೆಚ್ಚುವರಿ ಬೇಕು. ಇಳಿಯುವಾಗ ಒಂದಷ್ಟು ಮರಳಿ ಬರುತ್ತದೆ. ಆದರೆ ಬೆಟ್ಟದ ಮೇಲಿನ ತಂಗುದಾಣದಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿ ಇಳಿಯಲು ಶುರು ಮಾಡಿದರೆ ಆ ವಿದ್ಯುತ್ತು ಹೋಗಲು ಜಾಗವಿಲ್ಲ, ಮೋಟರಿನ ತಡೆ ಸಿಗದೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮೇಲೆ ಚಾರ್ಜ್ ಮಾಡುವವರು 80 ಶೇಕಡಕ್ಕೆ ನಿಲ್ಲಿಸಲಿ.

ದಾರಿಯ ಮ್ಯಾಪನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಬೆಟ್ಟದ ಸಂದಿಯಲ್ಲಿ ಸಿಗ್ನಲ್ ಹೋಗುತ್ತದೆ, ಊಟದ ಜಾಗದ ಹೆಸರನ್ನೂ ಫೋನ್ ನಂಬರನ್ನೂ ಕಾಗದದ ಮೇಲೆ ಬರೆದಿಡುವುದು ಹಳೆಯ ಕಾಲದ ಕ್ರಮವಾದರೂ ಆಗ ಕೆಲಸಕ್ಕೆ ಬರುವುದು ಅದೇ.

ಕೈಗೆ ಸಿಗಬೇಕಾದ ಚೀಲ

ಡಿಕ್ಕಿಯ ತಳ ಸೇರಿದ ವಸ್ತು ಇದ್ದೂ ಇಲ್ಲದಂತೆ. ಒಂದು ಚೀಲವನ್ನು ಹಿಂದಿನ ಸೀಟಿನ ಕಾಲಬಳಿ ಇಡಿ. ಪ್ರತಿ ಮಗುವಿಗೆ ಒಂದು ಜೊತೆ ಬಟ್ಟೆ, ಜಿಪ್ ಇರುವ ಗಟ್ಟಿ ಪ್ಲಾಸ್ಟಿಕ್ ಚೀಲ 6, ಒದ್ದೆ ಟಿಶ್ಯೂ, ಎರಡು ಟವೆಲ್, ಸಾಬೂನು, ಓಆರ್‌ಎಸ್ ಪೊಟ್ಟಣ 4, ಹಿರಿಯರ ಆ ದಿನದ ಮಾತ್ರೆ, ಟಾರ್ಚ್. ನೀರು ಒಬ್ಬರಿಗೆ 2 ಲೀಟರಿನಂತೆ.

ಐಸ್‌ಬಾಕ್ಸ್ ಒಯ್ಯುವವರು ಹಿಂದಿನ ರಾತ್ರಿಯೇ ಅದರೊಳಗೆ ಐಸ್ ಹಾಕಿ ತಣ್ಣಗಾಗಿಸಿ. ಬೆಚ್ಚಗಿನ ಪೆಟ್ಟಿಗೆಗೆ ಹಾಕಿದ ಐಸ್ ಪೆಟ್ಟಿಗೆಯನ್ನು ತಂಪಾಗಿಸುವುದರಲ್ಲೇ ಕರಗುತ್ತದೆ. ಬಿಡಿ ಐಸಿಗಿಂತ, ಮುಕ್ಕಾಲು ತುಂಬಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳು ಮೇಲು. ತಿನಿಸು ಒದ್ದೆಯಾಗುವುದಿಲ್ಲ, ಕರಗಿದಂತೆ ಕುಡಿಯಬಹುದು. ಡಿಕ್ಕಿಯಲ್ಲಲ್ಲ, ಏಸಿ ತಾಗುವ ಸೀಟಿನ ಜಾಗದಲ್ಲಿ ಬೆಲ್ಟ್ ಬಿಗಿದು ಇಡಿ. ಹಿಂಗಾಜಿನ ಕೆಳಗಿನ ಹಲಗೆಯ ಮೇಲೆ ಏನನ್ನೂ ಇಡಬೇಡಿ, ಜೋರಾಗಿ ಬ್ರೇಕ್ ಹಾಕಿದರೆ ಅದು ನೇರ ತಲೆಗೇ ಬರುತ್ತದೆ.

ಹೊಟ್ಟೆ ತೊಳಸದಂತೆ

ಒಳಗಿವಿ ‘ಅಲುಗುತ್ತಿದ್ದೇವೆ’ ಎನ್ನುತ್ತದೆ, ಪುಸ್ತಕದಲ್ಲೋ ಫೋನಿನಲ್ಲೋ ನೆಟ್ಟ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳವೇ ವಾಕರಿಕೆಯಾಗುತ್ತದೆ. 2ರಿಂದ 12 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಹಾಗಾಗಿ ಘಾಟಿಯಲ್ಲಿ ಫೋನ್, ಪುಸ್ತಕ, ಬಣ್ಣ ಹಚ್ಚುವುದು ಯಾವುದೂ ಬೇಡ. ಕಣ್ಣು ಮುಂದಿನ ದೂರದ ರಸ್ತೆಯ ಮೇಲಿರಲಿ. ಹಿಂದಿನ ಸೀಟಿನ ನಡುವೆ ಪೂರ್ತಿ ಬೆಲ್ಟ್ ಇದ್ದರೆ, ವಾಂತಿಯಾಗುವ ಮಗುವಿಗೆ ಅದೇ ಜಾಗ, ಅಲ್ಲಿಂದ ಮುಂದಿನ ಗಾಜು ಕಾಣುತ್ತದೆ. ಕಣ್ಣು ಮುಚ್ಚಿ ಮಲಗಿದರೂ ಒಳ್ಳೆಯದೇ.

ಕಾರಿನ ಸುಗಂಧದ ಡಬ್ಬಿಯನ್ನು ಆವತ್ತು ತೆಗೆದಿಡಿ. ಮಾತ್ರೆ ಕೊಡುವುದಾದರೆ ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲು. ವಾಕರಿಕೆ ಶುರುವಾದ ಮೇಲೆ ನುಂಗಿದ ಮಾತ್ರೆ ಹೆಚ್ಚು ಉಪಯೋಗವಾಗುವುದಿಲ್ಲ. ಮಕ್ಕಳ ಪ್ರಮಾಣವನ್ನು ವೈದ್ಯರಿಂದಲೇ ಕೇಳಿಕೊಳ್ಳಿ. ಇವು ನಿದ್ದೆ ತರಿಸುವ ಮಾತ್ರೆಗಳು, ಚಾಲಕರು ಮುಟ್ಟಬಾರದು. ಮಗು ಸುಮ್ಮನಾಗಿ, ಆಕಳಿಸಿ, ಬಿಳಿಚಿಕೊಂಡು ಬೆವರಿದರೆ ವಾಂತಿಗೆ ಇನ್ನು ಕೆಲವೇ ನಿಮಿಷ, ಮುಂದಿನ ಅಗಲ ಜಾಗದಲ್ಲೇ ನಿಲ್ಲಿಸಿ.

ಅರ್ಧ ಮದ್ದು ಚಾಲಕರ ಕಾಲಿನಲ್ಲಿದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಒತ್ತದೆ, ಹೊರಬರುವಾಗ ನಿಧಾನಕ್ಕೆ ಆಕ್ಸಿಲರೇಟರ್ ಕೊಟ್ಟರೆ ಹಿಂದಿನವರ ತಲೆ ಅಲುಗುವುದಿಲ್ಲ. ಏರಿಳಿತದಲ್ಲಿ ಕಿವಿ ಕಟ್ಟಿದರೆ ನುಂಗುವುದು, ಆಕಳಿಸುವುದು ಸಾಕು. ಕೂಸಿಗೆ ಹಾಲು ಕುಡಿಸಬೇಕು, ಆದರೆ ಗಾಡಿ ನಿಲ್ಲಿಸಿಯೇ ಎತ್ತಿಕೊಳ್ಳಿ.

ಘಾಟಿ ಇಳಿಯುವುದು

ಯಾವ ಗೇರಿನಲ್ಲಿ ಆ ಏರನ್ನು ಹತ್ತುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು, ವೇಗ ಹೆಚ್ಚಿದ ಮೇಲಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ‘ಎಲ್’, ‘2’ ಅಥವಾ ಮ್ಯಾನ್ಯುಯಲ್ ವಿಧಾನ, ಹಲವು ಹೈಬ್ರಿಡ್‌ಗಳಲ್ಲಿ ‘ಬಿ’. ಬ್ರೇಕಿನ ಮೇಲೆ ಕಾಲನ್ನು ಸದಾ ತಾಗಿಸಿಟ್ಟುಕೊಳ್ಳುವುದರಿಂದಲೇ ಅದು ಕಾಯುವುದು. ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಟ್ಟುಬಿಡಿ. ವೇಗ ಏರಿದಾಗ ಮತ್ತೆ ಹಾಗೇ. ನ್ಯೂಟ್ರಲ್ ಮಾಡಿ ಇಂಧನ ಉಳಿಸುವ ಯೋಚನೆ ಬೇಡ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ಕಡಿದುಬಿಡುತ್ತವೆ, ನ್ಯೂಟ್ರಲ್‌ನಲ್ಲೇ ಹೆಚ್ಚು ಉರಿಯುವುದು.

ಸುಟ್ಟ ವಾಸನೆ ಬಂದರೆ ಅಥವಾ ಪೆಡಲ್ ಮೆದುವಾದರೆ ತಕ್ಷಣ ಅಗಲ ಜಾಗದಲ್ಲಿ, ಆದಷ್ಟು ಸಮತಟ್ಟಿನಲ್ಲಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆ ಆರಲಿ. ನೀರು ಸುರಿದರೆ ಕಾದ ಡಿಸ್ಕ್ ಡೊಂಕಾಗುತ್ತದೆ, ಬಿರಿಯಲೂಬಹುದು. ಕಿರಿದಾದ ಕಡೆ ಏರುವ ಗಾಡಿಗೆ ದಾರಿ ಬಿಡುವುದು ಬೆಟ್ಟದ ರಸ್ತೆಗಳ ರೂಢಿ, ಏರಿನಲ್ಲಿ ನಿಂತ ಭಾರದ ಗಾಡಿ ಮತ್ತೆ ಹೊರಡುವುದು ಕಷ್ಟ.

ಮಂಜಿನಲ್ಲಿ ಲೋ ಬೀಮ್. ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ಒಳಗಾಜಿಗೆ ಹಬೆ ಹಿಡಿದರೆ ಏಸಿ ಹಾಕಿ, ಹೊರಗಾಳಿ ಒಳಬರುವಂತೆ ತಿರುಗಿಸಿ. ರಸ್ತೆ ಮೇಲೆ ಹರಿಯುವ ನೀರು 30 ಸೆಂ.ಮೀ. ಇದ್ದರೂ ಸಣ್ಣ ಕಾರನ್ನು ತೇಲಿಸಿಬಿಡಬಲ್ಲದು, ಅಲ್ಲಿಂದಲೇ ಹಿಂತಿರುಗಿ. ರಸ್ತೆ ಮೇಲೆ ಹೊಸದಾಗಿ ಬಿದ್ದ ಕಲ್ಲು, ಗುಡ್ಡದಿಂದ ಸುರಿಯುವ ಕೆಸರುನೀರು ಕಂಡ ಕಡೆ ಫೋಟೋಕ್ಕೂ ನಿಲ್ಲಬೇಡಿ.

ನೋಟಕ್ಕೆ ನಿಲ್ಲಿಸುವಾಗ

ತಿರುವಿನಲ್ಲಿ, ತಿರುವು ಮುಗಿದ ಕೂಡಲೇ, ಏರಿನ ನೆತ್ತಿಯಲ್ಲಿ ನಿಲ್ಲಿಸಬಾರದು. ನಾಲ್ಕೂ ಚಕ್ರ ಡಾಂಬರಿನಿಂದ ಹೊರಗಿರುವಷ್ಟು ಜಾಗ ಬೇಕು. ಮಳೆಗಾಲದಲ್ಲಿ ಅಂಚಿನ ಹುಲ್ಲುಹಾಸು ನಂಬಬೇಡಿ. ಹುಲ್ಲಿನ ಕೆಳಗೆ ಮೆದು ಮಣ್ಣಿದ್ದರೆ ಕಣಿವೆಯ ಬದಿಯ ಚಕ್ರ ಕುಸಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಮುಂದಿನ ಚಕ್ರವನ್ನು ಗುಡ್ಡದ ಕಡೆ ತಿರುಗಿಸಿಡಿ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇರಲಿ. ದೊಡ್ಡವರೊಬ್ಬರು ಮೊದಲಿಳಿದು, ರಸ್ತೆಯಿಲ್ಲದ ಬದಿಯ ಬಾಗಿಲು ತೆರೆದು, ಕೈ ಹಿಡಿದುಕೊಂಡೇ ಮಗುವನ್ನು ಇಳಿಸಲಿ.

ನಿದ್ದೆ ಹೋದ ಮಗುವನ್ನು ಕಾರಿನಲ್ಲಿ ಬಿಟ್ಟು ‘ಒಂದು ಫೋಟೋ’ ಎಂದು ಹೋಗಬೇಡಿ. ಮುಚ್ಚಿದ ಕಾರಿನ ಒಳಗಿನ ಬಿಸಿ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಕಿಟಕಿಯನ್ನು ಬೆರಳಷ್ಟು ಇಳಿಸಿಟ್ಟರೂ ಅದು ಅಷ್ಟೇನೂ ತಗ್ಗುವುದಿಲ್ಲ.

ಓಡಿಸುವವರು ನೋಟ ನೋಡಬಾರದು. ಇದು ಅನ್ಯಾಯವೇ, ಅದಕ್ಕೇ ನಿಂತ ಕಡೆ ಮೊದಲ ಐದು ನಿಮಿಷ ಮಕ್ಕಳ ಹೊಣೆ ಬೇರೆಯವರು ಹೊತ್ತು ಚಾಲಕರನ್ನು ಅವರ ಪಾಡಿಗೆ ಬಿಡಿ. ಮ್ಯಾಪ್, ಫೋನ್, ಹಾಡು, ಹಿಂದಿನ ಸೀಟಿನ ಜಗಳ ಎಲ್ಲವೂ ಪಕ್ಕದವರ ಪಾಲಿಗಿರಲಿ.

ತಟ್ಟೆಯ ಮುಂದೆ

ಹೊಸ ಊರಿನ ಊಟಕ್ಕೆ ಹೆದರಬೇಕಿಲ್ಲ, ಉಗುರುಬೆಚ್ಚಗಿನ ಊಟಕ್ಕೆ ಹೆದರಬೇಕು. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೇಗ ಹೆಚ್ಚುತ್ತವೆ. ಬೇಯಿಸಿದ್ದು ಈ ಸ್ಥಿತಿಯಲ್ಲಿ 2 ಗಂಟೆಗಿಂತ ಹೆಚ್ಚು ಇರಬಾರದು, ಹೊರಗಿನ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಆದ್ದರಿಂದ ನಿಮ್ಮೆದುರು ಬಾಣಲೆಯಿಂದಲೋ ಹಂಚಿನಿಂದಲೋ ಇಳಿದದ್ದು, ಹಬೆಯಾಡುವುದು ರಸ್ತೆಬದಿಯ ಗಾಡಿಯದಾದರೂ ಸರಿ. ಹೊಳೆಯುವ ಪಾತ್ರೆಗಳಲ್ಲಿ ಬೆಳಗಿನಿಂದ ಸಾಲಾಗಿ ಕೂತದ್ದು ದೊಡ್ಡ ಹೋಟೆಲಿನದಾದರೂ ಬೇಡ. ಮಕ್ಕಳಿಗೆ ಐಸ್, ಹೆಚ್ಚಿಟ್ಟ ಹಣ್ಣು, ಹಸಿಯಾಗಿ ಅರೆದು ಹೊರಗಿಟ್ಟ ಚಟ್ನಿ ಬೇಡ. ಹಣ್ಣನ್ನು ಇಡಿಯಾಗಿ ಕೊಂಡು ನೀವೇ ಸುಲಿಯಿರಿ.

ಒಂದೇ ಕಡೆ ಎಲ್ಲರಿಗೂ ಪೂರ್ತಿ ಊಟ ಹೇಳಿದರೆ ಮುಂದಿನ ಊರಿನ ತಿಂಡಿಗೆ ಹೊಟ್ಟೆಯಿರುವುದಿಲ್ಲ. ಸಣ್ಣ ನಿಲುಗಡೆಗಳಲ್ಲಿ ನಾಲ್ಕು ಜನಕ್ಕೆ ಎರಡು ತಟ್ಟೆ ಸಾಕು, ಹಿಡಿಸಿದರೆ ಮತ್ತೆ ಹೇಳಿ. ಮಧ್ಯಾಹ್ನ ಮಾತ್ರ ಕೂತು ಉಣ್ಣಿ. ‘ಖಾರ ಕಡಿಮೆ ಮಾಡಿ’ ಎಂದರೆ ರುಬ್ಬಿಟ್ಟ ಮಸಾಲೆಯಲ್ಲಿ ಅದು ಆಗದ ಮಾತು. ‘ಮಕ್ಕಳು ತಿನ್ನುವಂಥದ್ದು ಏನಿದೆ’ ಎಂದು ಕೇಳಿದರೆ ಅವರೇ ಹೇಳುತ್ತಾರೆ. ಹೊಸ ರುಚಿಯನ್ನು ಮಗುವಿಗೆ ಒಂದು ತುತ್ತು ಕೊಟ್ಟು ಬಿಡಿ, ಒತ್ತಾಯಿಸಿದರೆ ಉಳಿದ ದಾರಿಯೆಲ್ಲ ರಗಳೆ.

ಕೆಲವರ ವಿಷಯದಲ್ಲಿ ಮಾತ್ರ ಬಿಗಿಯಾಗಿರಬೇಕು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬೇಡಿ. ಬೆಟ್ಟದ ದಾರಿಯಲ್ಲಿ ಜೇನು ಮಾರುವವರು ಹೆಚ್ಚು, ರುಚಿಗೆಂದು ಬೆರಳಿಗೆ ಹಾಕುವವರೂ ಹೆಚ್ಚು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳನ್ನು ಕೂಸಿನ ಕರುಳು ತಡೆಯದು. ಗರ್ಭಿಣಿಯರಿಗೆ ಕಾಯಿಸದ ಹಾಲು, ಅದರಿಂದ ಮಾಡಿದ್ದು ಬೇಡ. ಕಡಲೆಕಾಯಿ, ಮೀನು, ಸಿಗಡಿಯಂಥವುಗಳ ಅಲರ್ಜಿ ಇದ್ದರೆ ‘ಇದನ್ನು ತಿಂದರೆ ಜೀವಕ್ಕೆ ಅಪಾಯ, ಇದರ ಎಣ್ಣೆ, ಪುಡಿ, ಇದನ್ನು ಕರಿದ ಬಾಣಲೆಯೂ ಬೇಡ’ ಎಂದು ಆ ಊರಿನ ಭಾಷೆಯಲ್ಲಿ ಬರೆಸಿಕೊಂಡ ಚೀಟಿಯನ್ನು ಅಡುಗೆಯವರಿಗೇ ತೋರಿಸಿ. ಬಡಿಸುವವರಿಗೆ ಬಾಯಲ್ಲಿ ಹೇಳಿದ್ದು ಒಳಗೆ ಮುಟ್ಟುವಷ್ಟರಲ್ಲಿ ಅರ್ಧವಾಗಿರುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅಥವಾ ಮಾತ್ರೆಯನ್ನು ಹೋಟೆಲ್ ಮುಟ್ಟುವ ಮೊದಲೇ ತೆಗೆದುಕೊಂಡು ಅಲ್ಲಿ ಊಟ ಮುಗಿದಿದ್ದರೆ ಫಜೀತಿ. ಎಷ್ಟು ಹೊತ್ತಿಗೆ ತೆಗೆದುಕೊಳ್ಳಬಹುದು ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಂಡು, ತಟ್ಟೆ ಬರುವುದು ಖಚಿತವಾದ ಮೇಲೆ ತೆಗೆದುಕೊಳ್ಳಲಿ. ಜೊತೆಗೆ 15 ಗ್ರಾಂ ಗ್ಲೂಕೋಸ್ ಪುಡಿಯ ಪೊಟ್ಟಣ ಜೇಬಿನಲ್ಲಿರಲಿ.

ಉಳಿದದ್ದನ್ನು ನೋಟದ ಜಾಗದ ಕೋತಿಗಳಿಗೆ ಹಾಕಬೇಡಿ. ಮುಂದೆ ಬರುವ ಕಾರಿನ ಮಗುವಿನ ಕೈಯಿಂದ ಅವು ಕಿತ್ತುಕೊಳ್ಳುತ್ತವೆ.

ಮನೆಗೆ ಕಟ್ಟಿಸಿಕೊಳ್ಳುವುದು

ಕೊಳ್ಳುವುದನ್ನು ಕೊನೆಯ ನಿಲುಗಡೆಗೆ ಇಟ್ಟುಕೊಂಡರೆ ಬಿಸಿಲಿನ ಕಾರಿನಲ್ಲಿ ಬೇಯುವುದು ತಪ್ಪುತ್ತದೆ. ಆ ದಾರಿಯಾಗಿ ಮರಳದಿದ್ದರೆ ಕಂಡಲ್ಲೇ ಕೊಳ್ಳಬೇಕಾಗುತ್ತದೆ. ಆಗ ಕರಿದದ್ದು, ಒಣಗಿಸಿದ್ದು, ಪುಡಿ ಮಾಡಿದ್ದನ್ನು ಆರಿಸಿ. ಹಾಲಿನ ಸಿಹಿ, ಹಸಿ ತೆಂಗಿನಕಾಯಿ ಬೆರೆತದ್ದು ಐಸ್‌ಬಾಕ್ಸಿಗೆ ಹೋಗಬೇಕು. ಬಿಸಿಬಿಸಿಯಾದದ್ದನ್ನು ಮುಚ್ಚಿ ಕಟ್ಟಿಸಿಕೊಂಡರೆ ಒಳಗೆ ನೀರಾಡಿ ಸಂಜೆಗೆ ಹಳಸುತ್ತದೆ, ಆರಿದ ಮೇಲೆ ಕಟ್ಟಿಸಿ.

ಎಣ್ಣೆಯ ಉಪ್ಪಿನಕಾಯಿ ಜಾಡಿಯನ್ನು ಕೆಳಗಿನ ಊರಲ್ಲಿ ಕೊಂಡು ಬೆಟ್ಟ ಏರಿದರೆ ಹೊರಗಿನ ಗಾಳಿಯ ಒತ್ತಡ ತಗ್ಗಿ, ಮುಚ್ಚಳದ ಸಂದಿಯಿಂದ ಎಣ್ಣೆ ಜಿನುಗುತ್ತದೆ. ಕುರುಕಲು ಪೊಟ್ಟಣಗಳು ಉಬ್ಬುವುದೂ ಇದರಿಂದಲೇ. ಜಾಡಿಯನ್ನು ನೇರ ನಿಲ್ಲಿಸಿ, ಎರಡು ಪ್ಲಾಸ್ಟಿಕ್ ಚೀಲ ಹಾಕಿ, ಸುತ್ತ ಟವೆಲ್ ತುರುಕಿ. ಗಡಿ ದಾಟುವವರು ಹಸಿ ಹಣ್ಣು, ಸಸಿ, ಬೀಜದ ವಿಷಯದಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಕೀಟ, ರೋಗ ಹರಡದಿರಲೆಂದು ದೇಶಗಳ ನಡುವೆ ಮಾತ್ರವಲ್ಲ, ಆಸ್ಟ್ರೇಲಿಯಾದಲ್ಲಿ ರಾಜ್ಯಗಳ ನಡುವೆಯೂ, ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ರಸ್ತೆಗಳಲ್ಲೂ ಇದಕ್ಕೆ ತಪಾಸಣೆಯಿದೆ. ಅಂಥ ಕಡೆ ಹಣ್ಣನ್ನು ಗಡಿಗೆ ಮೊದಲೇ ತಿಂದು ಮುಗಿಸಿ, ಸಿಪ್ಪೆಯನ್ನೂ ಈಚೆಯ ಕಸದ ತೊಟ್ಟಿಗೇ ಹಾಕಿ ಹೊರಡಿ.